ಎಡಗಿವಿಯ ದೀಪ

ಬರ್ಗೆನ್ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಉಣ್ಣೆಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು
ಕೂತಿದ್ದಾನೆ ತೋರ್ಲೇವ್, ಎಪ್ಪತ್ತೊಂದು.
ಮೂವತ್ತೆಂಟು ವರ್ಷ ಲಾಂಚು ನಡೆಸಿದವನು
ಫ್ಯೋರ್ಡಿನ ಈ ದಡಕ್ಕೂ ಆ ದಡಕ್ಕೂ.
ಸೇತುವೆ ಬಂತು. ಲಾಂಚು ಮಾರಿದರು.
ನಾನು ಕೇಳಿದ್ದು ಬರೀ ವಯಸ್ಸು, ಉದ್ಯೋಗ.

ಹೆಡ್‌ಫೋನು ತೊಡಿಸಿದೆ. ಬಲಕ್ಕೆ 'ಬ', ಎಡಕ್ಕೆ 'ಗ',
ಒಂದೇ ಗಳಿಗೆಗೆ, ಒಂದೇ ದನಿಯಲ್ಲಿ.
ಕೇಳಿದ್ದು ಹೇಳಿ ಎಂದೆ.
'ಬ' ಎಂದ. 'ದ' ಎಂದ. 'ತ'.
ಹೆಚ್ಚುಕಮ್ಮಿ ಎಲ್ಲ ಬಲದ್ದೇ.
ಎಡಗಿವಿ ಸತ್ತಿದೆಯೇನೋ ಎಂದು ಅವನಿಗೇ ಗಾಬರಿ.

ಸತ್ತಿಲ್ಲ, ಎಂದೆ. ಎಡಕ್ಕೆ ಬಿದ್ದ ಸದ್ದು
ಮಿದುಳಿನ ಬಲಗೋಳಕ್ಕೆ ಹೋಗುತ್ತದೆ ಮೊದಲು.
ಮಾತಾಡುವ ಗೋಳ ಎಡದ್ದು.
ನಡುವೆ ಕೋಟಿಗಟ್ಟಲೆ ಎಳೆಗಳ ಒಂದು ಸೇತುವೆ...

ಸೇತುವೆ ಎಂದದ್ದಕ್ಕೇ ಮುಖ ಹುಳಿ ಮಾಡಿದ.

ಸರಿ, ಈಗ ಎಡಗಡೆಗೆ ಮಾತ್ರ ಕಿವಿಗೊಡಿ.

ಕಣ್ಣು ಮುಚ್ಚಿದ. ಕತ್ತು ಒಂದು ಚೂರು ಓರೆ,
ಮಂಜಿನಲ್ಲಿ ಯಾರನ್ನೋ ಹುಡುಕುವವನ ಹಾಗೆ.
'ಗ' ಎಂದ.
ಒಂದು ತಪ್ಪಿತು, ಆಮೇಲೆ ಮೂರು ಸರಿ.
ಅದೇ ಕಿವಿ, ಅದೇ ಎಳೆ, ಅದೇ ಸದ್ದು;
ಗಮನ ಕೊಟ್ಟ ಕಡೆಗೇ ಗಮನ.

ಕಾಫಿ ಕುಡಿಯುತ್ತ ಅವನೇ ನನಗೆ ಪಾಠ ಹೇಳಿದ:
"ಸೇತುವೆಯಲ್ಲ ಮಗಳೇ ಅದು.
ಸೇತುವೆಗೆ ಯಾರ ಪರಿವೆಯೂ ಇಲ್ಲ,
ನಿದ್ದೆಗಣ್ಣಲ್ಲೂ ದಾಟಬಹುದು.
ಸಣ್ಣ ಕಟ್ಟೆಗಳಲ್ಲಿ ನಾವು ಸುಮ್ಮನೆ ನಿಲ್ಲುತ್ತಿರಲಿಲ್ಲ.
ಹತ್ತುವವರಿದ್ದರೆ ಕಂಬದ ದೀಪ ಹಚ್ಚಬೇಕು ಅವರು,
ನೋಡಬೇಕು ನಾನು.
ಹಚ್ಚಿದ್ದೂ ಕಾಣದೆ ಮುಂದೆ ಹೋದ ರಾತ್ರಿಗಳಿವೆ.
ಒಮ್ಮೆ ಸೂಲಗಿತ್ತಿ ನಿಂತಿದ್ದಳಂತೆ, ಚಳಿಯಲ್ಲಿ, ಚೀಲ ಹಿಡಿದು."

ಕಪ್ಪು ಕೆಳಗಿಟ್ಟ. ಮುಂದೆ ಹೇಳಲಿಲ್ಲ.
ಅವನ ಹೆಸರಿನೆದುರು ಅಂಕಿ ತುಂಬಿದೆ:
ಎಡ, ಇಷ್ಟು. ಬಲ, ಇಷ್ಟು.

ಸಂಜೆಯ ಟ್ರಾಮು. ಬಲಗಿವಿಯಲ್ಲಿ ಫೋನು, ವಾರದ ಲೆಕ್ಕ.
ಎಡಕ್ಕೆ ಆರು ವರ್ಷದ ಯೋರುನ್, ಗಾಜಿಗೆ ಮೂಗೊತ್ತಿ
ಏನೋ ಹೇಳುತ್ತಲೇ ಇದ್ದಾಳೆ, ಆಗಿನಿಂದ.
ಹೂಂ, ಎನ್ನುತ್ತಿದ್ದೇನೆ. ಹೂಂ.
ನಾಲ್ಕನೆಯ ಹೂಂ ಬಾಯಲ್ಲೇ ನಿಂತಿತು.

ಫೋನು ಚೀಲಕ್ಕೆ ಹಾಕಿದೆ. "ಇನ್ನೊಮ್ಮೆ ಹೇಳೇ."
"ಏನಿಲ್ಲ" ಎಂದಳು.

ಒಂದು ನಿಲ್ದಾಣ ಹೋಯಿತು. ಮತ್ತೊಂದು.
ಕತ್ತು ಒಂದು ಚೂರು ಓರೆ ಮಾಡಿ
ಕಾಯುತ್ತಿದ್ದೇನೆ,
ಎಂಜಿನ್ ಆರಿಸಿ.