ರೂವಿಯಲ್ಲಿ ತಲೆ ಅಳೆಯುವವಳು

ಮೂಗಿನ ಬುಡದಿಂದ ಹಿಂದಲೆಯ ಗುಬುಟಿನವರೆಗೆ
ಮೂವತ್ತೈದು ಸೆಂಟಿಮೀಟರು, ಹೆಚ್ಚುಕಡಿಮೆ.
ಟೇಪು ದರ್ಜಿಯದು, ಮತ್ರಾದ ಸೂಕಿನಲ್ಲಿ
ಇನ್ನೂರು ಬೈಸೆಗೆ ಕೊಂಡದ್ದು.
ಆಸ್ಪತ್ರೆ ಕೊಟ್ಟದ್ದು ಎಳೆದರೆ ಹಿಗ್ಗುತ್ತದೆ.
ಕೆಂಪು ಪೆನ್ಸಿಲಿನಿಂದ ನೆತ್ತಿಯ ಮೇಲೆ ಇಪ್ಪತ್ತೊಂದು ಚುಕ್ಕಿ,
ರಂಗೋಲಿಗೆ ಇಟ್ಟು ಎದ್ದುಹೋದ ಹಾಗೆ.
ಗೆರೆ ಎಳೆಯುವುದು ಯಂತ್ರದ ಕೆಲಸ.

ಹೆಂಗಸರ ಕೋಣೆ ನನ್ನದು, ಗಂಡಸರದ್ದು ಬಾಪ್ತಿಸ್ತನದು.
ಅವನ ಪಾಲಿನ ತಲೆಗಳಲ್ಲಿ
ಹೆಲ್ಮೆಟ್ಟು ಒತ್ತಿದ ಬಳೆ, ಸಿಮೆಂಟಿನ ಹೊಟ್ಟು.
ನನ್ನವರು ಚಿಲಕ ಹಾಕಿದ ಮೇಲೆಯೇ ಶೇಲಾ ಬಿಚ್ಚುವುದು;
ಲೋಬಾನದ ಹೊಗೆ, ಮೆಂತೆ, ಎಳ್ಳೆಣ್ಣೆ
ಒಟ್ಟಿಗೇ ಏಳುತ್ತವೆ.
ಎಣ್ಣೆ ಇದ್ದರೆ ತಂತಿ ಹಿಡಿಯುವುದಿಲ್ಲ.
ಬೈತಲೆ ಬಿಡಿಸಿ, ಸ್ಪಿರಿಟಿನ ಹತ್ತಿಯಿಂದ ಒರೆಸಿ,
ಅಂಗಿಯ ಗುಂಡಿಯಷ್ಟು ಬಟ್ಟಲಲ್ಲಿ ಪೇಸ್ಟು ತುಂಬಿ
ಒಂದೊಂದು ಚುಕ್ಕಿಗೆ ಒಂದೊಂದು ಅಂಟಿಸುತ್ತೇನೆ.

ನನಗೆ ಸರಿಯಾಗಿ ಬರುವ ಅರಬ್ಬಿ ಇಷ್ಟೇ:
ಕಣ್ಣು ಮುಚ್ಚಿ. ಕಣ್ಣು ತೆರೆಯಿರಿ.
ಜೋರಾಗಿ ಉಸಿರಾಡಿ. ಆಯಿತು, ಮುಗಿಯಿತು.

ಮುಚ್ಚಿದೊಡನೆ ಹಿಂದಲೆಯಿಂದ ಅಲೆ ಹೊರಡುತ್ತದೆ,
ಸೆಕೆಂಡಿಗೆ ಹತ್ತು.
ತೆರೆದೊಡನೆ ಮಟಾಮಾಯ.
ಬಾಪ್ತಿಸ್ತನ ಕೋಣೆಯಲ್ಲೂ ಅಷ್ಟೇ.

ಡಾಕ್ಟರು ಸುಮಯ್ಯ ನಡುವಿನ ಕೋಣೆಯವರು.
ಒಂದು ಗುರುವಾರ, ರೋಗಿಗಳು ಕಡಿಮೆ,
ಹೆಸರಿನ ಮೇಲೆ ಬ್ಯಾಂಡೇಜು ಅಂಟಿಸಿ ಪಂದ್ಯ ಕಟ್ಟಿದರು:
ಅಲೆ ನೋಡಿ ಹೇಳುವುದು, ಹೆಣ್ಣೋ ಗಂಡೋ.
ಸೋತವರಿಂದ ಎಲ್ಲರಿಗೂ ಕರಕ್ ಚಹಾ.
ಹತ್ತರಲ್ಲಿ ಏಳು ಸರಿ.
"ಅಲೆ ತುಸು ಎತ್ತರ ಇದ್ದರೆ ಹೆಣ್ಣು ಅನ್ನುತ್ತೇನೆ, ಅಷ್ಟೇ."
"ನೋಡಿದಿರಾ," ಬಾಪ್ತಿಸ್ತ ಕುರ್ಚಿ ತಿರುಗಿಸಿದ,
"ಹೆಂಗಸರ ತಲೆಯಲ್ಲಿ ಗಲಾಟೆ ಜಾಸ್ತಿ."

ತಪ್ಪಿದ ಮೂರರಲ್ಲಿ ಒಂದು ನನ್ನದು,
ಹೊಸ ಯಂತ್ರ ಬಂದಾಗ ಪರೀಕ್ಷೆಗೆ ತೆಗೆದದ್ದು.
ಸಪ್ಪೆ ಅಲೆ. ಗಂಡು ಎಂದುಬಿಟ್ಟರು.
ಕಟಪಾಡಿಯ ಲೆಕ್ಕದ ಟೀಚರು
ಬೆತ್ತದ ತುದಿಯಲ್ಲಿ ಕುಟ್ಟಿ ಹೇಳಿದ್ದರು,
ಸೆಲಿನ್, ನಿನ್ನದು ಗಟ್ಟಿ ತಲೆ.

"ಗಲಾಟೆ ಅಲ್ಲ," ಎಂದರು ಡಾಕ್ಟರು, "ಮೂಳೆ ಇರಬಹುದು.
ಗೋಡೆ ತೆಳುವಾದರೆ ಒಳಗಿನದು ಜೋರಾಗಿ ಕೇಳುತ್ತದೆ.
ಬೇರೆ ಕಾರಣಗಳೂ ಇರಬಹುದು. ಯಾರಿಗೂ ಪೂರ್ತಿ ಗೊತ್ತಿಲ್ಲ."
ಚಹಾ ತರಲು ನನ್ನನ್ನೇ ಕಳಿಸಿದರು.

ಮೂಳೆಯ ಮಾತು ನನಗೆ ತಕ್ಷಣ ಅರ್ಥವಾಯಿತು.
ವಾದಿ ಕಬೀರಿನಲ್ಲಿ ನನ್ನ ಮಂಚಕ್ಕೆ ಎರಡು ಗೋಡೆ.
ಎಡಕ್ಕೆ ಪ್ಲೈವುಡ್ಡು, ಅದರಾಚೆ ಮಾರಿಸೆಲ್.
ಅವಳ ಚಮಚ, ಅವಳ ಜಪ, ಅವಳ ಸಾಲದ ಲೆಕ್ಕ,
ರಾತ್ರಿ ಎರಡಕ್ಕೆ ಅವಳು ಮೂಗು ಸೇದಿದ್ದು
ಎಲ್ಲ ನನಗೆ ಬಾಯಿಪಾಠ.
ಬಲಕ್ಕೆ ಇಟ್ಟಿಗೆ, ಆಚೆ ಪಕ್ಕದ ಫ್ಲಾಟಿನ ಯಾರೋ ಡ್ರೈವರು.
ನಾಲ್ಕು ವರ್ಷ. ಒಂದು ಕೆಮ್ಮೂ ಕೇಳಿದ್ದಿಲ್ಲ.
ಬಹಳ ಸಮಾಧಾನದ ಮನುಷ್ಯ ಎಂದುಕೊಂಡಿದ್ದೆ.

ರಮದಾನಿಗೆ ಎರಡು ವಾರ ಮೊದಲು ಮೊಫಿಜುಲ್ ಬಂದ,
ಸಾರುವೆಯಿಂದ ಬಿದ್ದವನು.
ಬುರುಡೆಯ ಬಲಗಡೆ ಅಂಗೈಯಗಲ
ಮೂಳೆ ತೆಗೆದು ಹಾಗೇ ಹೊಲಿದಿದ್ದರು.
ಬಾಪ್ತಿಸ್ತನ ಕೈ ನಡುಗಿತು, ನನ್ನನ್ನು ಕರೆದ.
ಅವತ್ತು ನಿಯಮ ಯಾರೂ ಕೇಳಲಿಲ್ಲ.
ಆ ಜಾಗದ ಚರ್ಮ ಮಗುವಿನ ನೆತ್ತಿಯ ಹಾಗೆ
ಮೆತ್ತಗೆ ಬಡಿದುಕೊಳ್ಳುತ್ತಿತ್ತು.
ಟೇಪು ಇಳಿಬಿಟ್ಟೆ, ಕಣ್ಣಳತೆಯಲ್ಲೇ ಚುಕ್ಕಿ ಇಟ್ಟೆ.
"ಚೋಖ್ ಬಂದ್," ಎಂದ ಬಾಪ್ತಿಸ್ತ.
ಮುಚ್ಚಿದ.

ಎಡಗಡೆ ಎಲ್ಲ ಗಂಡಸರ ಅಲೆ.
ಆ ಅಂಗೈಯಗಲದಲ್ಲಿ ಮಾತ್ರ
ಗೆರೆ ಎದ್ದು ಎದ್ದು ಮೇಲಿನ ಗೆರೆಯನ್ನು ಮುಟ್ಟಿ
ಪರದೆ ಕಪ್ಪಾಯಿತು.
ನಾವು ಯಾರೂ ಪಂದ್ಯ ನೆನೆಸಲಿಲ್ಲ.
"ಹೊಸದೇನೂ ಅಲ್ಲ," ಎಂದರು ಡಾಕ್ಟರು, ಬಹಳ ಹೊತ್ತಿನ ಮೇಲೆ.
"ಇವನೊಳಗೆ ಮೊದಲಿಂದಲೂ ಇಷ್ಟೇ ಇತ್ತು.
ಇಲ್ಲಿ ಗೋಡೆ ಇಲ್ಲ."

ಪೇಸ್ಟು ಬಿಸಿನೀರಿನಲ್ಲಿ ನಾನೇ ತೊಳೆದೆ.
ಅವನು ಬಂಗಾಳಿಯಲ್ಲಿ ಏನೋ ಹೇಳಿದ. ತಿಳಿಯಲಿಲ್ಲ.

ಆ ರಾತ್ರಿ ಮಾರಿಸೆಲ್ ಮಲಗಿದ ಮೇಲೆ
ಬಲಕ್ಕೆ ಹೊರಳಿ ಇಟ್ಟಿಗೆಗೆ ಕಿವಿ ಇಟ್ಟೆ.
ಏನೂ ಇಲ್ಲ.
ಇನ್ನೂ ಬೆಚ್ಚಗಿತ್ತು, ಹಗಲಿನ ಬಿಸಿಲಿಗೆ.