ಪೆನ್ಸಿಲ್ ದಪ್ಪ

ಎಲೆಯನ್ನು ಅವನು ನಾಲ್ಕು ಮಡಿಕೆ ಮಾಡಿದ್ದ.
ಉಂಡವರು ಒಂದು ಮಡಿಕೆ ಹಾಕಿ ಏಳುತ್ತಾರೆ,
ಇವನು ಕಾಗದ ಮಡಚಿದ ಹಾಗೆ,
ಒಳಗೇನೋ ಬರೆದಿಟ್ಟವನ ಹಾಗೆ.

ಕಬ್ಬಿನ ಲಾರಿಯವನು, ಪಾಂಡವಪುರದ ಕಡೆಯ ಹುಡುಗ.
ಕಾರ್ಖಾನೆ ಅರೆಯಲು ಶುರುಮಾಡಿದಾಗಿನಿಂದ
ದಿನಾ ನಮ್ಮಲ್ಲೇ ಎರಡು ಮುದ್ದೆ, ಬಸ್ಸಾರು,
'ಅಕ್ಕೋ, ಇನ್ನೊಂದು ಸೌಟು ಬುಡು.'
ಅವತ್ತು ಅರ್ಧ ಮುದ್ದೆ ಬಿಟ್ಟ.
ದುಡ್ಡು ಎಣಿಸಿಟ್ಟು ಹೋದ, ಚಿಲ್ಲರೆಗೂ ನಿಲ್ಲಲಿಲ್ಲ.

ತೊಟ್ಟಿಗೆ ಹಾಕುವ ಮುಂಚೆ ಬಿಚ್ಚಿ ನೋಡಿದೆ.
ಹುರುಳಿಕಾಯಿ ಪಲ್ಯದ ಸಾಸಿವೆಗಳ ನಡುವೆ
ಸಾಸಿವೆಯಲ್ಲದ್ದು ಒಂದು.
ಅಕ್ಕಿಕಾಳಿನಷ್ಟು ಉದ್ದ. ಕಪ್ಪು.

ಬೈದಿದ್ದರೆ ನಾನೂ ಬೈಯಬಹುದಿತ್ತು.

ಹದಿನಾಲ್ಕು ವರ್ಷದ ಮೆಸ್ಸು ಇದು,
ಗುತ್ತಲು ರಸ್ತೆಯಲ್ಲಿ ಯಾರನ್ನಾದರೂ ಕೇಳಿ.
ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ
ಮಂಡಿಯೂರಿ ತೊಳೆದಿದ್ದೇನೆ ನೆಲ.
ಫಿನಾಯಿಲಿಗೆ ಬೆರಳ ತುದಿ ಸುಲಿದಿದೆ.
ತೊಳೆದರೆ ಆಯಿತು ಅಂದುಕೊಂಡಿದ್ದೆ.
ನಾನು ತೊಳೆದು ಮಲಗಿದ ಮೇಲೆ
ತೊಳೆದ ನೆಲದ ಮೇಲೆ ಅವು ಓಡಾಡಿದ್ದವು,
ಹಬ್ಬದ ಮನೆಗೆ ಬಂದವರ ಹಾಗೆ.

ಖಲಂದರ್ ಬಂದರು, ಗಾರೆ ಕೆಲಸದವರು,
ಈಗ ಬರೀ ಹೋಟೆಲುಗಳ ತೂತು ಮುಚ್ಚುತ್ತಾರೆ.
'ಪಾಷಾಣ ಇಡಿ' ಅಂದೆ.
'ಇಟ್ರೆ ಗೋಡೆ ಒಳಗೇ ಸತ್ತು ನಾರ್ತದೆ, ತಾಯಿ.
ಒಳಗಿರೋದನ್ನ ಬೋನಿಟ್ಟು ಹಿಡಿಯೋಣ.
ಕೊಲ್ಲೋದು ಆಮೇಲಿನ ಮಾತು,
ಮೊದಲು ಎಲ್ಲಿಂದ ಬತ್ತವೆ ಹೇಳಿ.'
ನನಗೆ ಗೊತ್ತಿರಲಿಲ್ಲ.
ನನ್ನ ಮನೆಗೆ ಎಷ್ಟು ಬಾಗಿಲು ಅಂತ ನನಗೇ ಗೊತ್ತಿರಲಿಲ್ಲ.

ಸಂಜೆ ಕತ್ತಲಾಗಲಿ ಅಂದರು.
ಒಳಗಿನ ದೀಪವೆಲ್ಲ ಹಚ್ಚಿಸಿ
ಹೊರಗೆ ಮೋರಿ ಪಕ್ಕ ನನ್ನನ್ನು ನಿಲ್ಲಿಸಿದರು.
ನೋಡಿದೆ: ಹಿಂಬಾಗಿಲ ಕೆಳಗೆ ಒಂದು ಗೆರೆ ಬೆಳಕು.
ಗ್ಯಾಸಿನ ಪೈಪು ಗೋಡೆ ಹೊಕ್ಕಲ್ಲಿ ಒಂದು ಬಿಲ್ಲೆ.
ಶೀಟಿನ ಅಂಚಿಗೆ ಹಲ್ಲು ಹಲ್ಲಾಗಿ.
ಬಚ್ಚಲ ಕಿಂಡಿ ಇಡಿಯಾಗಿ ಉರಿಯುತ್ತಿತ್ತು.
ನನ್ನ ಮೆಸ್ಸು ಇಷ್ಟು ಚೆಂದ ಕಂಡಿದ್ದು ಅವತ್ತೇ,
ದೀಪಾವಳಿಯ ಗೂಡಿನ ಹಾಗೆ,
ಹೊಟ್ಟೆ ತೊಳಸುವಷ್ಟು ಚೆಂದ.

ಕಿವಿ ಮೇಲಿನ ಪೆನ್ಸಿಲ್ ತೆಗೆದು
ಒಂದೊಂದು ಸಂದಿಗೂ ತೂರಿಸಿದರು.
'ಇದು ಹೋದ್ರೆ ಇಲಿಮರಿ ಹೋಯ್ತದೆ.
ತಲೆ ತೂರಿದ್ರೆ ಸಾಕು, ಮೈ ಹಿಂದೇನೇ ಬತ್ತದೆ.'

ಮೂರು ದಿನ ಒಲೆ ಹಚ್ಚಲಿಲ್ಲ.
ಪಾತ್ರೆ ಉಜ್ಜುವ ಸ್ಟೀಲ್ ನಾರನ್ನೇ
ಪೈಪಿನ ಸುತ್ತ ತುರುಕಿ ಮೇಲೆ ಸಿಮೆಂಟು.
ಬಚ್ಚಲಿಗೆ ಜಾಲರಿ. ಬಾಗಿಲಿನ ಕೆಳಗೆ ತಗಡಿನ ಪಟ್ಟಿ,
ರಬ್ಬರಾದರೆ ಕಡಿಯುತ್ತವಂತೆ.
ರಾಗಿ ಮೂಟೆ ಗೋಡೆಯಿಂದ ಒಂದು ಮೊಳ ಈಚೆಗೆ,
ಹಲಗೆಯ ಮೇಲೆ.
ಮೂಟೆ ಸರಿಸಿದಾಗ ಗೋಡೆ ಬುಡದಲ್ಲಿ
ಜಿಡ್ಡು ಜಿಡ್ಡಾದ ಒಂದು ಕಪ್ಪು ದಾರಿ,
ಎಷ್ಟೋ ವರ್ಷ ಸವೆದ ಕಾಲುಹಾದಿ.
ಸೋಪು ಹಾಕಿ ಉಜ್ಜುತ್ತಾ ಅತ್ತೆ.
ಯಾಕೆಂದು ಖಲಂದರ್ ಕೇಳಲಿಲ್ಲ, ಸಿಮೆಂಟು ಕಲೆಸುತ್ತಿದ್ದರು.

ಈಗ ರಾತ್ರಿ ಬೀಗ ಹಾಕುವ ಮುಂಚೆ
ದೀಪ ಹಚ್ಚಿಟ್ಟು ಒಂದು ಸುತ್ತು ಬರುತ್ತೇನೆ.
ಕೆನ್ನೆ ನೆಲಕ್ಕೆ ತಾಗಿಸಿ ನೋಡುತ್ತೇನೆ, ಕತ್ತಲು.
ಆಲೆಮನೆಯ ಕಡೆಯಿಂದ ಬೆಲ್ಲದ ಹೊಗೆ,
ನಾಲೆಯ ಕಡೆಯಿಂದ ಚಳಿ.
ಒಮ್ಮೊಮ್ಮೆ ತಗಡನ್ನು ಕೆರೆಯುವ ಸದ್ದು,
ಸಣ್ಣಗೆ, ಬಿಡದೆ.
ಅದಕ್ಕೂ ಹಸಿವು ತಾನೆ.
ಹಸಿದವರಿಂದಲೇ ಹೊಟ್ಟೆ ಹೊರೆದವಳು ನಾನು,
ಕೇಳಿಸಿಕೊಂಡು ಸುಮ್ಮನಿರುವುದು ಸುಲಭವಲ್ಲ.
ಸುಮ್ಮನಿರುತ್ತೇನೆ.

ಆ ಹುಡುಗ ಮತ್ತೆ ಬರಲಿಲ್ಲ.
ಕಬ್ಬಿನ ಲಾರಿ ಹೋದಾಗಲೆಲ್ಲ ಸೌಟು ಹಿಡಿದೇ ನೋಡುತ್ತೇನೆ.
ಖಲಂದರ್ ಮರೆತುಹೋದ ಪೆನ್ಸಿಲ್
ನನ್ನ ತುರುಬಿನಲ್ಲಿದೆ, ಹೂವಿನ ಪಕ್ಕ.
ತುದಿ ಮೊಂಡಾಗಿದೆ. ಬರೆಯಲು ಬಾರದು.