ಸಾಕಾಗುವಷ್ಟು

ಚೌಬಾರಾದ ಹಿಂದಿನ ಗಲ್ಲಿಯಲ್ಲಿ ದವಾಖಾನೆ,
ದವಾಖಾನೆಯ ಕಿಟಕಿಗೆ ಒಂದು ತೂತು,
ತೂತಿನ ಈಚೆ ಮೂವತ್ತು ವರ್ಷ
ಕಂಪೌಂಡರ್ ಪ್ರೇಮದಾಸಪ್ಪ.
ಅವರ ಪಕ್ಕದ ಸ್ಟೂಲಿನ ಮೇಲೆ ಹತ್ತೊಂಬತ್ತರ ನಾನು.

ಮೊದಲ ದಿನ, ಚೀಟಿಯ ನೆತ್ತಿಯ ಗೀಚು ತೋರಿಸಿ
"ಇದೇನು?" ಎಂದರು.
ಬಾಲಕ್ಕೆ ಗೀಟು ಎಳೆದ ಆರ್, ಅಂದೆ.
"ರೆಸಿಪೆ. ತಗೊ ಅಂತ ಅರ್ಥ.
ಯಾರಿಗಿ ಹೇಳ್ಯಾರ? ಪೇಶಂಟಿಗಲ್ಲ, ನಿನಗ.
ಇಷ್ಟು ಇದು ತಗೊ, ಇಷ್ಟು ಅದು ತಗೊ, ಕಲಸು.
ಡಾಕ್ಟರು ನಿನ್ನ ಕೂಡ ಮಾತಾಡ್ಲಿಕತ್ತಾರ,
ಲ್ಯಾಟಿನ್ ಒಳಗ."

ಅಲ್ಲಿಯವರೆಗೆ ಯಾವ ಡಾಕ್ಟರೂ ನನ್ನೊಡನೆ
ಯಾವ ಭಾಷೆಯಲ್ಲೂ ಮಾತಾಡಿರಲಿಲ್ಲ.

ಆಡುವವರೆಲ್ಲ ಎಂದೋ ಮಣ್ಣಾದ ಭಾಷೆಯಂತೆ ಅದು.
ಆದರೂ ಬೀದರಿನಲ್ಲಿ ಯಾರು ಯಾವಾಗ ಉಣ್ಣಬೇಕು,
ಯಾರು ಎಷ್ಟು ಹೊತ್ತಿಗೆ ಒರಗಬೇಕು,
ಎಲ್ಲ ಅದರದೇ ಹುಕುಂ.
ಬಿಸ್ ಡಿಯೆ ದಿನಕ್ಕೆರಡು, ತೆರ್ ಡಿಯೆ ಮೂರು,
ಆಂಟೆ ಸಿಬಮ್ ಊಟಕ್ಕೆ ಮುಂಚೆ.
ನಾನದನ್ನು ಕನ್ನಡಕ್ಕೆ ತರುತ್ತಿದ್ದೆ,
ಪ್ರೇಮದಾಸಪ್ಪ ದಖನಿಗೆ,
ಮರಾಠಿ ಬಂದರೆ ಇಬ್ಬರೂ ಕೈಸನ್ನೆಗೆ.

ಮನ್ನಳ್ಳಿಯ ಶಿವಗಂಗವ್ವ ಚೀಟಿ ಮಡಚುತ್ತ ಕೇಳಿದಳು:
"ಊಟಕ್ಕಿಂತ ಮುಂಚೆ ಅಂದಿ. ಖರೆ.
ಊಟ ಆಗ್ತದೋ ಇಲ್ಲೋ ಅನ್ನೂದು
ಗುಳಿಗಿ ನುಂಗೂ ಹೊತ್ತಿಗಿ ಹ್ಯಾಂಗ ಗೊತ್ತಾಗಬೇಕು?"
ನಾನು ಲ್ಯಾಟಿನ್ ಕಡೆ ನೋಡಿದೆ. ಲ್ಯಾಟಿನ್ ಗೋಡೆ ನೋಡಿತು.
ಪ್ರೇಮದಾಸಪ್ಪ ತಮ್ಮ ಡಬ್ಬಿಯ ಜೋಳದ ರೊಟ್ಟಿ ಮುರಿದು
ತೂತಿನಿಂದ ಆಚೆ ದಾಟಿಸಿದರು.
"ಪೋಸ್ಟ್ ಸಿಬಮ್," ಎಂದರು ನನಗೆ. "ತಿದ್ದು."

ಹೋರಾ ಸೋಮ್ನಿ. ನಿದ್ದೆಯ ಹೊತ್ತು.
"ಹೋರಾ ನಮ್ಮ ಪಂಚಾಂಗದಾಗೂ ಅದಲ್ರಿ?"
"ಅದ. ಯಾ ಕಾಲಕ್ಕೋ ಒಂದೇ ಮನ್ಯಾಗ ಉಂಡಿರಬೇಕು ಎರಡೂ."
ಕಿಲ್ಲೆಯ ರಾತ್ರಿ ಪಹರೆಯ ದಸ್ತಗೀರ,
ನಾನು ಚಂದ್ರನನ್ನು ಬರೆದುಕೊಟ್ಟ ಪೊಟ್ಟಣ ಹಿಡಿದು
ವಾಪಸು ಬಂದ:
"ಚಾಂದ್ ಇದ್ದಾಗ ಮಲಗಿದರ ನೌಕರಿ ಹೋಗ್ತದವ್ವಾ."
ಅಳಿಸಿ ಸೂರ್ಯನನ್ನು ಬರೆದೆ,
ಕಿರಣಕ್ಕೆ ಜಾಗ ಸಾಲದೆ
ಅದೂ ಒಂದು ಗುಳಿಗೆಯಾಯಿತು.

ಸಿ ಓಪುಸ್ ಸಿಟ್. ಬೇಕೆನಿಸಿದರೆ ಮಾತ್ರ.
ಬಿದ್ರಿ ಕೆಲಸದ ಮಹಮೂದ್ ಚಾಚಾ, ಗೆಣ್ಣೆಲ್ಲ ಊದಿ,
ನಲವತ್ತು ವರ್ಷ ಕಪ್ಪಿನೊಳಗೆ ಬೆಳ್ಳಿ ಕೂರಿಸಿದ ಬೆರಳು,
"ಬ್ಯಾಡನಿಸೂ ಹೊತ್ತು ಯಾವುದು,
ಅದನ್ನ ಬರ್ದು ಕೊಡು" ಎಂದ.
ಕೊಡಲಿಲ್ಲ. ಅಷ್ಟು ಲ್ಯಾಟಿನ್ ನನಗೆ ಬರುವುದಿಲ್ಲ.

ನನಗೆ ಹಿಡಿಸಿದ್ದು ಒಂದೇ. ಕ್ಯೂ ಎಸ್.
ಬಾಟಲಿಗೆ ಎಲ್ಲ ಅಳೆದು ಹಾಕಿದ ಮೇಲೆ ಕೊನೆಯ ಸಾಲು:
ನೀರು, ಕ್ವಾಂಟುಮ್ ಸುಫಿಕಿತ್.
"ಎಷ್ಟು ಔನ್ಸ್ ರೀ?"
"ಬರ್ದಿಲ್ಲ. ಸಾಕಾಗುವಷ್ಟು."
"ಸಾಕಾಯ್ತು ಅಂತ ಯಾರು ಹೇಳಬೇಕು?"
ಅವರು ಕಾಗದದ ಪಟ್ಟಿ ಮಡಚಿ, ಕತ್ತರಿಯಿಂದ ಹಲ್ಲು ತೆಗೆದು,
ಗೋಂದು ಹಚ್ಚಿ ಬಾಟಲಿಯ ಬೆನ್ನಿಗೆ ಅಂಟಿಸಿದರು.
"ಬಾಟಲಿನೇ ಹೇಳ್ತದ."
ಕಿವಿಯ ಹತ್ತಿರ ಹಿಡಿದು ನೀರು ಸುರಿದರು,
ಕಣ್ಣು ಮುಚ್ಚಿ.
ತುಂಬುತ್ತ ತುಂಬುತ್ತ ಸದ್ದು ಸಣ್ಣಗೆ ಮೇಲೇರಿ
ಹಲ್ಲಿನ ಮೊದಲ ತುದಿಗೆ ಸರಿಯಾಗಿ ನಿಂತಿತು.

ಈಗ ಮಿಕ್ಸ್ಚರ್ ಇಲ್ಲ,
ಎಲ್ಲ ಕಂಪನಿಯಿಂದ ತುಂಬಿಯೇ ಬರುತ್ತದೆ.
ಚೀಟಿಯೂ ಮಷಿನ್ನಿನ ಬಾಯಿಂದ:
ಒಂದು, ಸೊನ್ನೆ, ಒಂದು.
"ನಡಬರಕಿನ ಸೊನ್ನಿ ಏನವ್ವಾ?"
ಮಧ್ಯಾಹ್ನ, ಅನ್ನುತ್ತೇನೆ.
"ಮಧ್ಯಾಹ್ನಕ್ಕ ಏನೂ ಇಲ್ಲಾ?"
ನೆತ್ತಿಯಲ್ಲಿ ಮಾತ್ರ ಆ ಗೀಚು ಹಾಗೇ ಇದೆ,
ಬಾಲಕ್ಕೆ ಗೀಟು ಎಳೆಸಿಕೊಂಡು,
ಸಾಲಿನಲ್ಲಿ ನಿಂತವರೆಲ್ಲರ ಎದುರು
ನನ್ನೊಬ್ಬಳ ಕಿವಿಯಲ್ಲಿ: ತಗೊ.

ಹೋದ ರವಿವಾರ, ನೌಬಾದಿನ ಅವರ ಮನೆಗೆ ಹೋಗಿದ್ದೆ.
ಕಣ್ಣಿಗೆ ಪರೆ, ಕೈ ನಡುಗುತ್ತದೆ.
ಬಿಂದಿಗೆ ಎತ್ತಿ, ಗ್ಲಾಸನ್ನು ಕಿವಿಗೆ ಹತ್ತಿರ ತಂದು
ನನಗೆಂದು ನೀರು ಬಗ್ಗಿಸತೊಡಗಿದರು.
"ಸಾಕಾದಾಗ ಹೇಳು."

ನಾನು ಹೇಳಲಿಲ್ಲ.
ಸದ್ದು ಏರುತ್ತಿತ್ತು.